ಕೌದ್ಯಾಗಿನ ನವಣಿ

ಸಿಲಿಂಡರ್ ಅಲುಗಿಸಿ ನೋಡಿದೆ. ಹಗೂರ ಆಗ್ಯಾದ,
ಒಣಗಿದ ಸೋರಿಬುರುಡಿಯಾಂಗ.
ಹೊಸಾದು ಶುಕ್ರವಾರಕ್ಕ, ಅದೂ ಜತ್ತದಿಂದ ಗಾಡಿ ಬಂದರ.
ಇವತ್ತು ಮಂಗಳವಾರ. ಕಾರ್ತೀಕದ ಥಂಡಿ
ಆಗಲೇ ಪತ್ರಾಸಿನ ಮ್ಯಾಲ ಕುಂತದ.

"ದಹಾ ಮಿನಿಟ, ಫಾರ್ ತರ್ ಬಾರಾ," ಅಂದಳು ಸುಲಭಾ.
ಅಕಿ ಮರಾಠಿ ಸಾಲಿಯ ಬಾಯಿ, ನಾ ಕನ್ನಡ ಸಾಲಿಯ ಅಕ್ಕೋರು,
ಉಮದಿಯೊಳಗ ಬಾಡಿಗಿ ಖೋಲಿ ಒಂದ.
ಅಕಿಯ ಬಾರಾ, ನನ್ನ ಹನ್ನೆರಡು,
ಉರಿಯೂದು ಅಷ್ಟ ಗ್ಯಾಸು.

ರೊಟ್ಟಿ ಬಂದಾವ ಮೂಲಿಮನಿ ರುಕ್ಮವ್ವನ ಕಡಿಂದ,
ಅರಿವ್ಯಾಗ ಸುತ್ತಿ, ಐದು.
ಬಗಲಿಗೆ ಏನಾರ ಬೇಕಲ್ಲ.
ಹಿಂಡಿ ತಿಂದು ತಿಂದು ನಾಲಿಗಿ ದಪ್ಪ ಆಗ್ಯಾದ.

ನವಣಿ ಅದ. ಬಿಳಿಯಾನಸಿದ್ಧ ತಂದು ಕೊಟ್ಟದ್ದು.
ಐದನೇ ಯತ್ತಾ, ಹಿಂದಿನ ಬೆಂಚು.
ದಪ್ತರದೊಳಗ ಪುಸ್ತಕ ಸರಿಸಿ
ಚೀಲದ ಗಂಟು ಹೊರಗ ತೆಗೆದಿದ್ದ:
"ಹೊಸಾ ರಾಶೀದ್ರಿ ಅಕ್ಕೋರ, ಅವ್ವ ಕುಟ್ಟ್ಯಾಳ."
ಗಂಟು ಸಡ್ಲ ಇತ್ತು. ಅವನ ಗಣಿತದ ಪಟ್ಟಿ ತೆರೆದರ
ಭಾಗಾಕಾರದ ನಡಕ ಈಗೂ ಕಾಳು ಉದುರ್ತಾವ,
ಶೇಷ ಅನ್ನೂದು ಇದ ಇರಬೇಕು.

ಮೊರ ಇಲ್ಲ. ತಾಟಿನ್ಯಾಗ ಕೇರಿದೆ. ಹೊಟ್ಟು ಹಾರಿ
ಮುಂಗೈ ಮ್ಯಾಲ ಕುಂತಿತು.
ಎರಡು ಸಲ ತೊಳೆದೆ, ಮೂರನೇ ನೀರು ತಿಳಿ.

ಆ ಕಡೆ ಸುಲಭಾ ಈಳಿಗಿ ಮುಂದ ಕುಂತಾಳ.
ಖಾಜಾಬಿ ಸಂತ್ಯಾಗ ಕೊಟ್ಟ ಹೀರಿಕಾಯಿ, ಏಣು ಅಷ್ಟ ಹೆರೆದು,
ಒಂದು ಹಿಡಿ ಅವರಿಕಾಳು, ಉಳ್ಳಾಗಡ್ಡಿ ತಪ್ಪಲ,
ಬೇರಿನ ಮಣ್ಣು ಸಮೇತ ಮೆಂತೆ.
ಕುಂಬಳ ಬ್ಯಾಡ ಅಂದೆ, ಅದಕ್ಕ ಉರಿ ಭಾಳ ಬೇಕು.
ಕೇಳಲಿಲ್ಲ. ಉಗುರಿನಷ್ಟು ಸಣ್ಣಾಗಿ ಹೆಚ್ಚಿದಳು.

ಇನ್ನ ಹಚ್ಚು.
ಎಣ್ಣಿ. ಸಾಸಿವಿ ಸಿಡಿಯೂತನಾ ಜೀವ ಕೈಯಾಗ.
ಜೀರಿಗಿ, ಸೀಳಿದ ಹಸಿಮೆಣಸಿನಕಾಯಿ, ಅರಿಶಿಣ.
ಅವರಿ ಮೊದಲು, ಅದು ಹಟಮಾರಿ. ಆಮ್ಯಾಲ ಕುಂಬಳ.
ಹೀರಿ ತಾನ ನೀರು ಬಿಡ್ತದ, ಅದನ್ನೇನು ಕೇಳೂದು.
ತಪ್ಪಲಾ ಮೆಂತೆ ಒಗೆದು, ನವಣಿ ಹಾಕಿ ಎರಡು ತಿರುವು,
ಖೋಲಿ ತುಂಬ ಕಣದ ವಾಸನಿ.
ಒಂದಕ್ಕ ಎರಡೂವರಿ ನೀರು, ಉಪ್ಪು.
ಕುದಿ ಬಂತು. ನೀಲಿ ಉರಿ ಕೆಂಪಾತು,
ಹಳದಿ ನಾಲಿಗಿ ಒಂದ ಚಾಚಿ
ಫಕ್ ಅಂತು.
ಎಂಟು ನಿಮಿಷ. ಅಕಿಯ ದಹಾನೂ ಅಲ್ಲ, ನನ್ನ ಹನ್ನೆರಡೂ ಅಲ್ಲ.

ಇಬ್ಬರೂ ಒಲಿ ನೋಡ್ತಾ ನಿಂತಿವಿ
ಕರೆಂಟ್ ಹೋದ ಮ್ಯಾಲ ಬಲ್ಬ್ ನೋಡಿದಾಂಗ.

ಆಮ್ಯಾಲ ಹಾಸಗಿಯಿಂದ ಕೌದಿ ಎಳೆದೆ.
ದೊಡ್ಡವ್ವನ ಇಳಕಲ್ ಸೀರಿ, ಅಣ್ಣನ ಖಾಕಿ ಚಡ್ಡಿ,
ಯಾರದೋ ಪರಕಾರದ ಅಂಚು.
ಪಾತ್ರಿ ಮುಚ್ಚಿ, ಸುತ್ತಿ, ಮತ್ತ ಸುತ್ತಿ
ಜ್ವರದವರನ್ನ ಕುಂದ್ರಿಸಿದಾಂಗ ಮೂಲ್ಯಾಗ ಕುಂದ್ರಿಸಿದೆ.
"ಆಜಾರೀ ಆಹೇ ಕಾ?" ನಕ್ಕಳು ಸುಲಭಾ.
ಹೌದು, ಬೆವರಲಿ ಅಂದೆ.

ಕಾಯೂ ಹೊತ್ತಿಗೆ ಪರೀಕ್ಷಾ ಪೇಪರ್ ಹರವಿದೆ.
'ಶರದೃತುವಿನ ಲಕ್ಷಣಗಳನ್ನು ಬರೆಯಿರಿ. ಐದು ಅಂಕ.'
ತಿಳಿಯಾದ ಆಕಾಶ, ಬಿಳಿ ಮೋಡ, ತುಂಬಿದ ಕೆರೆ, ಹಂಸ.
ಮೂವತ್ತೊಂದು ಮಂದಿ ಪುಸ್ತಕದಾಗಿನದ ಇಳಿಸ್ಯಾರ,
ಉಮದಿಯೊಳಗ ಹಂಸ ಕಂಡವರು ಯಾರೂ ಇಲ್ಲ.
ಬಿಳಿಯಾನಸಿದ್ಧ ಒಂದ ಸಾಲು ಬರದಾನ:
'ಶರದೃತುವಿನಲ್ಲಿ ಅವ್ವನ ಕೈ ತುರಿಸುತ್ತವೆ.'
ಮುಂಜಾನೆ ಕೆಂಪು ಶಾಯಿಲೆ ಸೊನ್ನಿ ಹಾಕಿದ್ದೆ,
ಚಂದಾಗಿ, ದುಂಡಗ.

ಕೌದಿ ಬಿಚ್ಚಿದಾಗ ಉಗಿ ಕನ್ನಡಕಕ್ಕ ಬಡೀತು.
ಕಾಳು ಬಿಡಿಬಿಡಿ, ಕುಂಬಳ ಮೆತ್ತಗ. ಸುಲಭಾ ಗೆದ್ದಳು.
ಅವರಿ ನಡುವ ಇನ್ನೂ ಚೂರು ಗಡಸು.
ಮ್ಯಾಲ ಶೇಂಗಾ ಪುಡಿ, ಅರ್ಧ ನಿಂಬಿ.
ರೊಟ್ಟಿ ಮುರದು, ಅದರಾಗ ಎತ್ತಿಕೊಂಡು ತಿಂದಿವಿ
ಮಾತಿಲ್ಲದ, ತಳ ಕೆರೆಯೂತನಾ.

ಕೈ ತೊಳಕೊಂಡು ಬಂದು ಅಕಿ ಬಗ್ಗಿ ನೋಡಿದಳು.
ಕನ್ನಡ ಓದಾಕ ಬರೂದಿಲ್ಲ ಅಕಿಗೆ, ಸೊನ್ನಿ ಬರ್ತದ.
"ಕಾ ಗ?" ಅಂದಳು.
ಉತ್ತರ ಹುಡುಕ್ತಾ
ನಾ ಮುಂಗೈ ತುರಿಸ್ಕೊಂಡೆ.